ಅವ್ವ ನೇಮಿಸಿದ ಪ್ರಧಾನಿ

ಗೊತ್ತಿದ್ದದ್ದನ್ನು ಊಟದ ಹೊತ್ತಿನಲ್ಲಿ ವಿವರಿಸುವ ಚಟ ನನಗಿದೆ. ಕಲಬುರಗಿಯ ಪತ್ರಿಕೆಯೊಂದರ ಸುದ್ದಿಮೇಜಿನ ಮುಂದೆ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಹಗಲೆಲ್ಲ ಬೇರೆಯವರ ವಾಕ್ಯ ತಿದ್ದಿದವನಿಗೆ ಮನೆಗೆ ಬಂದ ಮೇಲೆ ತಿದ್ದಲು ಏನೂ ಸಿಗದಿದ್ದರೆ ಕೈ ತುರಿಸುತ್ತದೆ. ಪ್ರಧಾನಿಯನ್ನು ಜನರೇ ನೇರವಾಗಿ ಆರಿಸುತ್ತಾರೆಂದು ಯಾರಾದರೂ ಬರೆದರೆ ಆ ಸಾಲನ್ನು ಹೊಡೆದುಹಾಕುತ್ತೇನೆ. ಜನ ಆರಿಸುವುದು ಸಂಸದರನ್ನು. ಲೋಕಸಭೆಯಲ್ಲಿ ಯಾರ ಬೆನ್ನಿಗೆ ಬಹುಮತವಿದೆಯೋ ಅವರನ್ನು ಕರೆದು ನೇಮಿಸುವವರು ರಾಷ್ಟ್ರಪತಿ. ಈ ಜ್ಞಾನವನ್ನು ಕಚೇರಿಯಲ್ಲೇ ಬಿಟ್ಟು ಬಂದಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಮ್ಮ ಊರು ಕಮಲಾಪುರ. ತಮ್ಮ ಶರಣಪ್ಪ ಅವ್ವನೊಂದಿಗೆ ಅಲ್ಲೇ ಇದ್ದು ಕೆಂಪು ಬಾಳೆ ಬೆಳೆಯುತ್ತಾನೆ. ನಾನು, ನನ್ನ ಹೆಂಡತಿ ಕಸ್ತೂರಿ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿದ್ದೇವೆ. ಶರಣಪ್ಪನ ಮಗಳು ಸವಿತಾಳ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಮದುವೆಗೆ ಒಬ್ಬರು ಹಿರೇತನ ವಹಿಸುತ್ತಾರೆ. ಅಡುಗೆ, ಚಪ್ಪರ, ಬೀಗರ ಉಪಚಾರ, ಬಂಧುಗಳಿಗೆ ಬಟ್ಟೆ ಕೊಡುವ ಆಯೇರಿ, ಎಲ್ಲಕ್ಕೂ ಅವರ ಮಾತೇ ಕೊನೆ. ಅವ್ವ ಉಗ್ರಾಣದ ಕೀಲಿಕೈಯನ್ನು ಅವರ ಕೈಗಿಟ್ಟರೆ ಪ್ರಮಾಣವಚನ ಮುಗಿದಂತೆ. ಅಪ್ಪ ತೀರಿದ ಮೇಲೆ ಇದು ಮನೆಯ ಮೊದಲ ಮದುವೆ. ಹಿರಿಯ ಮಗ ನಾನು. ಆ ಕೀಲಿಕೈ ನನಗೇ ಬರಬೇಕೆಂಬ ಆಸೆ ಬಹಳವಿತ್ತು. ಊರಲ್ಲಿ ನಾನಿನ್ನೂ ‘ಪೇಪರಿನವ’. ಒಂದು ಸಲವಾದರೂ ‘ಹಿರ್ಯಾ’ ಎನ್ನಿಸಿಕೊಳ್ಳಬೇಕಿತ್ತು. ರುಮಾಲು ಸುತ್ತಿಕೊಳ್ಳುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ಹಿರೇತನ ತೀರ್ಮಾನಿಸಲು ಒಂದು ಭಾನುವಾರ ಎಲ್ಲರೂ ಕಮಲಾಪುರದಲ್ಲಿ ಸೇರಿದೆವು. ಊಟಕ್ಕೆ ಕುಳಿತಾಗ ಅವ್ವ ಕೇಳಿದಳು: “ಅಲ್ಲಪಾ, ಪ್ರಧಾನಿನ್ನ ರಾಷ್ಟ್ರಪತಿ ನೇಮಸ್ತಾರಂತ. ಹಂಗಾರ ತಮ್ಮ ಮನಸ್ಸಿಗಿ ಬಂದವರನ್ನ ಮಾಡಬಹುದೇನು?”

ರೊಟ್ಟಿ ಕೆಳಗಿಟ್ಟೆ. “ಇಲ್ಲವ್ವಾ. ಸಭಾದಾಗ ಹೆಚ್ಚು ಮಂದಿ ಯಾರ ಕಡೆ ಅದಾರ, ಅವರನ್ನೇ ಕರೀಬೇಕು.”

“ವಯಸ್ಸಿಲೆ ಹಿರಿಯವರೇ ಆಗಬೇಕಂತಿಲ್ಲ?”

“ಇಲ್ಲ. ಗಂಡಸರೇ ಆಗಬೇಕಂತನೂ ಇಲ್ಲ.” ಯಾರೂ ಕೇಳದ ಪ್ರಶ್ನೆಗೂ ಉತ್ತರ ಕೊಟ್ಟೆ.

“ಹೊರಗಿನವರು ಆಗಬಹುದೇನ್ರಿ ಭಾವ?” ಎಂದಳು ತಮ್ಮನ ಹೆಂಡತಿ ಮಹಾದೇವಿ.

“ಆಗಬಹುದು. ಆರು ತಿಂಗಳದಾಗ ಸಂಸತ್ತಿನ ಸದಸ್ಯರಾದ್ರ ಸಾಕು.”

“ಅಕ್ಕ ಈ ಮನಿಗಿ ಬಂದು ಎಷ್ಟೋ ವರ್ಷ ಆತು. ನಡೀತದ ಬಿಡ್ರಿ.”

ಆ ಮಾತಿನಲ್ಲೊಂದು ಸುದ್ದಿಯಿತ್ತು. ಕಿರಿಯ ವರದಿಗಾರನಾದರೂ ಹಿಡಿಯುತ್ತಿದ್ದ, ನಾನು ಹಿಡಿಯಲಿಲ್ಲ. ಅವ್ವ ಕೈ ತೊಳೆದು ಬಂದು ಕುಳಿತಳು. “ಹಂಗಾರ ಈಗೇ ಕೇಳಿಬಿಡ್ತೀನಿ. ಸವಿತಾನ ಮದಿವಿ ಹಿರೇತನಕ್ಕ ಯಾರು ಯಾರ ಕಡೆ ಅದೀರಿ?”

ಎಲ್ಲರೂ ಕಸ್ತೂರಿಯ ಕಡೆ ಇದ್ದರು. ಒಂದು ತಿಂಗಳಿಂದ ಅವಳು ದಿನವೂ ಫೋನಿನಲ್ಲಿ ಭಾಂಡೆ-ಪಾತ್ರೆ, ಬಾಣಸಿಗ, ಚಪ್ಪರ ಎಂದು ಮಾತಾಡುತ್ತಿದ್ದಳು. ಅದನ್ನು ನಾನು ಹೆಂಗಸರ ಹರಟೆ ಎಂದುಕೊಂಡಿದ್ದೆ. ಅದು ಬಹುಮತವಾಗಿತ್ತು.

“ಸಿಟ್ಟಾಗಬ್ಯಾಡ ಅಣ್ಣಾ,” ಎಂದ ಶರಣಪ್ಪ. “ನಿನಗ ಫೋನ್ ಹಚ್ಚಿದ್ರ ‘ಪೇಜ್ ಹೋಗೋ ಟೈಮ್ ಅದ, ಆಮ್ಯಾಲ ಮಾತಾಡ್ತೀನಿ’ ಅಂತಿ. ಆ ಆಮ್ಯಾಲ ಇನ್ನಾ ಬಂದಿಲ್ಲ.”

“ದೊಡ್ಡಪ್ಪ, ನೀವು ಭಾಳ ಚಲೋ ಹೇಳ್ತೀರಿ,” ಎಂದು ಮದುಮಗಳು ಸಮಾಧಾನಪಡಿಸಿದಳು. “ದೊಡ್ಡವ್ವ ಮಾಡ್ತಾಳ.”

ಅವ್ವ ಕೀಲಿಕೈ ಕೊಟ್ಟಳು. ಕಸ್ತೂರಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನತ್ತ ತಿರುಗಿದಳು. “ಮಂತ್ರಿಗಳನ್ನ ಯಾರು ಆರಸ್ತಾರ್ರಿ?”

“ಪ್ರಧಾನಿ ಹೆಸರು ಹೇಳ್ತಾರ, ರಾಷ್ಟ್ರಪತಿ ನೇಮಸ್ತಾರ. ಖಾತೆ ಹಂಚೋದೂ ಪ್ರಧಾನಿ ಮಾತಿನಂಗೇ.”

“ಹಂಗಾರ ಆಯೇರಿ ನಿಮಗ.”

ಎಲ್ಲರೂ ನಕ್ಕರು. ಆಯೇರಿ ಖಾತೆಯಿಂದ ಮರ್ಯಾದೆ ಉಳಿಸಿಕೊಂಡು ಹೊರಬಂದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಸೋತವನ ದೊಡ್ಡತನ ತೋರಿಸಲು ಹೋಗಿ ಸಂಪುಟದ ಸಾಮೂಹಿಕ ಹೊಣೆಯನ್ನೂ ವಿವರಿಸಿದೆ. “ಒಳಗ ಎಷ್ಟಾರ ಜಗಳಾಡ್ರಿ. ಹೊರಗ ಬಂದ ಮ್ಯಾಲ ಎಲ್ಲಾರದೂ ಒಂದೇ ಮಾತು. ಒಪ್ಪಿಗಿ ಇಲ್ಲಂದ್ರ ರಾಜೀನಾಮೆ ಕೊಡಬೇಕು.”

“ನೆನಪಿರಲಿ,” ಎಂದಳು ಪ್ರಧಾನಿ.

ಬಟ್ಟೆ ಅಂಗಡಿಯಲ್ಲಿ ಅವಳು ನನ್ನ ಸೋದರತ್ತೆ ಗುರುಬಾಯಿಗೆಂದು ಬೂದಿ ಬಣ್ಣದ ಸೀರೆ ತೆಗೆದಳು. ಅತ್ತೆಗೆ ಆ ಬಣ್ಣ ಕಂಡರಾಗದು ಎಂದೆ. “ಬಾಳಿಕಿ ಬರ್ತದ, ನೀವು ಸುಮ್ನಿರ್ರಿ,” ಎಂಬ ಉತ್ತರ ಬಂತು. ಸಂಪುಟ ಸಭೆ ಅಲ್ಲಿಗೆ ಮುಗಿಯಿತು. ಮದುವೆಯ ದಿನ ಅತ್ತೆ ತುಂಬಿದ ಚಪ್ಪರದಲ್ಲಿ ಆ ಸೀರೆಯ ಮಡಿಕೆ ಬಿಚ್ಚಿ ಎತ್ತಿ ಹಿಡಿದಳು. “ಯಾರಪಾ ಇದನ್ನ ಆರಿಸಿದ್ದು? ನಾ ಏನ್ ಸನ್ಯಾಸ ತಗೊಳ್ಳಾಕತ್ತೀನೇನು?”

ಕಸ್ತೂರಿ ಉಗ್ರಾಣದ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ರಾಜೀನಾಮೆ ಕೊಡುವುದಾದರೆ ಅದೇ ಸರಿಯಾದ ಗಳಿಗೆ. ಆದರೆ ನನ್ನ ಊಟ ಇನ್ನೂ ಆಗಿರಲಿಲ್ಲ.

“ನಾನೇ, ಅತ್ತಿ,” ಎಂದೆ.

“ಗೊತ್ತಿತ್ತು ಬಿಡು. ಕಸ್ತೂರಿ ಆರಿಸಿದ್ರ ಹಿಂಗ ಆಗ್ತಿದ್ದಿಲ್ಲ.”

ಚಪ್ಪರದಲ್ಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಎಷ್ಟೋ ವರ್ಷ ‘ಬಲ್ಲ ಮೂಲಗಳು ತಿಳಿಸಿವೆ’ ಎಂದು ಬರೆದು ಹೊಟ್ಟೆ ಹೊರೆದವನು ನಾನು. ಅಂದು ಆ ಸೀರೆಯ ವಿಷಯದಲ್ಲಿ ನಾನೇ ಬಲ್ಲ ಮೂಲವಾಗಿ ನಿಂತಿದ್ದೆ, ಏನೂ ತಿಳಿಸಲಿಲ್ಲ.