ಕಡತದ ಮೇಲಿನ ಎಚೆವೇರಿಯಾ

ನಮ್ಮ ಪಂಚಾಯತು ಕಚೇರಿಯಲ್ಲಿ ಒಂದು ಎಚೆವೇರಿಯಾ ಗಿಡವಿದ್ದು, ಅದು ಆರೋಗ್ಯದಿಂದ ಇದೆ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ದಪ್ಪ ಎಲೆಗಳು ತಾವರೆಯ ಎಸಳಿನಂತೆ ಸುತ್ತ ಜೋಡಿಸಿಕೊಂಡ, ಅಂಗೈಯಗಲದ ಗಿಡ. ಹಸಿರು ಕಚೇರಿ ಪ್ರಮಾಣಪತ್ರಕ್ಕೆ ಜೀವಂತ ಗಿಡವೊಂದು ಇರತಕ್ಕದ್ದು ಎಂದು ಆದೇಶ ಬಂದಾಗ, ಹೆಚ್ಚು ನೀರು ಕೇಳುವುದಿಲ್ಲ ಎಂಬ ಕಾರಣಕ್ಕೆ ಇದನ್ನು ಕುಂಬಳೆಯಿಂದ ತರಲಾಯಿತು. ಕೆಲಸ ಕೇಳದ ಎಲ್ಲವನ್ನೂ ನಮ್ಮ ಕಚೇರಿ ಗೌರವಿಸುತ್ತದೆ.

ಆದರೆ ಗಿಡ ಬೆಳಕು ಕೇಳಿತು. ಆಟಿ ತಿಂಗಳ ಮಳೆಮೋಡಕ್ಕೆ ಅದರ ದಂಟು ಉದ್ದವಾಗಿ ಕಿಟಕಿಯ ಕಡೆ ವಾಲಿತು. ಕಿಟಕಿ ಮೇಜಿಗಿಂತ ಎತ್ತರ. ಗುಮಾಸ್ತ ವಿಜೇತ್ ಇದ್ದುದರಲ್ಲಿ ದಪ್ಪದ ಫೈಲನ್ನು ಆರಿಸಿ ಕುಂಡದ ಅಡಿಗೆ ಇಟ್ಟರು. ಅದು ಹೊಸ ಮನೆಗೆ ನಂಬ್ರ ಕೇಳಿದ ಜಲಜಾಕ್ಷಿಯವರ ಫೈಲು. ಕಚೇರಿ ಕೇಳಿದ ದಾಖಲೆಗಳನ್ನೆಲ್ಲ ತಂದುಕೊಟ್ಟವರು ಅವರೊಬ್ಬರೇ ಆದ್ದರಿಂದ ಅದು ಅಷ್ಟು ದಪ್ಪಗಿತ್ತು. ಮನೆ ನಂಬ್ರವಿಲ್ಲದೆ ಕರೆಂಟಿಲ್ಲ. ಮಗಳು ಪೂಜಾಶ್ರೀಗೆ ಈ ವರ್ಷ ಪ್ಲಸ್‌ಟು ಪರೀಕ್ಷೆ.

"ನನ್ನ ಫೈಲು ಎಂತಾಯ್ತು ಸಾರ್?" ಎಂದು ಜಲಜಾಕ್ಷಿ ಕೇಳಿದರು.

"ಅಲ್ಲೇ ಉಂಟಲ್ಲ ಅಕ್ಕ, ಗಿಡದ ಅಡಿಯಲ್ಲಿ," ಎಂದರು ಕಾರ್ಯದರ್ಶಿ ಹರಿನಾರಾಯಣ.

"ಹಾಗಾದ್ರೆ ಎಳೆದು ಕೊಡಿ ಮಾರಾಯ್ರೆ."

"ಎಳೆದರೆ ಗಿಡ ಕೆಳಗೆ ಹೋಗ್ತದೆ. ಬೆಳಕಿಲ್ಲದೆ ಒಂದು ಜೀವ ಹೇಗೆ ಬದುಕುವುದು, ನೀವೇ ಹೇಳಿ."

"ನಾವು ಬದುಕುವುದಿಲ್ವಾ?"

"ನೀವು ಇಲ್ಲಿಯವರು, ಹೇಗೂ ಹೊಂದಿಕೊಳ್ತೀರಿ. ಇದು ಮೆಕ್ಸಿಕೋದ್ದು."

"ನಾನು ಒಂದು ಮುರಕಲ್ಲು ತರ್ತೇನೆ. ಅದರ ಮೇಲೆ ಇಡಿ."

"ಖಾಸಗಿ ಕಲ್ಲು ಸರಕಾರಿ ಮೇಜಿನ ಮೇಲೆ ಇಡ್ಲಿಕ್ಕಾಗುದಿಲ್ಲ. ಫೈಲಾದರೆ ಇಲ್ಲಿಯದ್ದೇ."

ಆದರೂ ಆಡಳಿತಕ್ಕೆ ಹೃದಯವಿದೆ. ಗಿಡ ಇನ್ನಷ್ಟು ವಾಲಿದಾಗ ತುರ್ತು ಸಭೆ ಕರೆದು, ಅದಕ್ಕೆ ಪ್ರತ್ಯೇಕ ದೀಪ ಹಾಕಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಅದೇ ಮಧ್ಯಾಹ್ನ ಲೈನು ಎಳೆದಾಯಿತು. ಜಲಜಾಕ್ಷಿ ಓಡಿ ಬಂದರು.

"ಇನ್ನು ಅದಕ್ಕೆ ಕಿಟಕಿ ಬೇಡ. ಫೈಲು ತೆಗೀಬಹುದಲ್ಲ?"

ವಿಜೇತ್ ತಲೆಯಲ್ಲಾಡಿಸಿದರು. "ಗಿಡ ಇದ್ದ ಎತ್ತರಕ್ಕೇ ಅಳತೆ ಮಾಡಿ ಲೈಟು ಹಾಕಿದ್ದು ಅಕ್ಕ. ಈಗ ಫೈಲು ಅಲುಗಿದರೆ ಆಡಿಟಿಗೆ ನಾನೆಂತ ಹೇಳಲಿ?"

ಕೊನೆಗೆ ಕಾರ್ಯದರ್ಶಿಯವರೇ ಕರಗಿದರು. ಪೂಜಾಶ್ರೀ ಸಂಜೆ ಕಚೇರಿಗೆ ಬಂದು ಗಿಡದ ದೀಪದಲ್ಲಿ ಓದಬಹುದು. ಷರತ್ತುಗಳು: ಗಿಡದ ಮೇಲೆ ನೆರಳು ಬೀಳತಕ್ಕದ್ದಲ್ಲ. ಪುಟ ತಿರುಗಿಸುವಾಗಿನ ಗಾಳಿ ಎಲೆಗಳಿಗೆ ತಾಗತಕ್ಕದ್ದಲ್ಲ. ಗಿಡ ಮಲಗಲು ದೀಪ ಆರಿಸುವ ಹೊತ್ತಾದಾಗ ವಿದ್ಯಾರ್ಥಿನಿ ಏಳತಕ್ಕದ್ದು.

ಹುಡುಗಿ ಓದುತ್ತಿರುವ ಚಿತ್ರ ಪಂಚಾಯತಿನ ಫೇಸ್‌ಬುಕ್ ಪುಟದಲ್ಲಿ ಬಂದಿದೆ. ಮನೆ ನಂಬ್ರ ಸಿಗದ ಇನ್ನೂ ಕೆಲವು ತಾಯಂದಿರು ಅದನ್ನು ನೋಡಿ, ತಮ್ಮ ಫೈಲಿನ ಮೇಲೂ ಒಂದೊಂದು ಗಿಡ ಇಡಬೇಕೆಂದು ಅರ್ಜಿ ಸಲ್ಲಿಸಿದ್ದಾರೆ. ತಾಯಿಗಿಡದ ಬುಡದಲ್ಲಿ ಈಗಾಗಲೇ ಮರಿಗಳು ಎದ್ದಿರುವುದರಿಂದ, ಸದರಿ ಅರ್ಜಿಗಳನ್ನು ಸಹಾನುಭೂತಿಯಿಂದ ಪರಿಗಣಿಸಲಾಗುತ್ತಿದೆ.