ಅರ್ಧ ಸಾಲಿನ ಜಿಪುಣ

ಗಡಿಯಾರ ರಿಪೇರಿಯವರು ಆ ಭಾನುವಾರ ಮಧ್ಯಾಹ್ನ ಹೊರಟಿದ್ದು ನಾಟಕಕ್ಕಲ್ಲ, ಜಗಳಕ್ಕೆ. ಅವರ ಭಾಮೈದ ‘ಜೇಬಿಗೆ ತೂತು’ ಎಂಬ ಹಾಡು-ನಗೆಯ ನಾಟಕ ಬರೆದಿದ್ದ. ಊರಿನ ದುಡ್ಡಿನ ಪಾಡನ್ನೆಲ್ಲ ಅದರಲ್ಲಿ ಜಾಲಾಡಿದ್ದಾನೆ, ಒಬ್ಬ ಮಹಾ ಜಿಪುಣನೂ ಬರುತ್ತಾನೆ ಎಂಬ ಸುದ್ದಿ ಅಂಗಡಿಗೆ ಬಂದಿತ್ತು. ಆ ಬೀದಿಯಲ್ಲಿ ಜಿಪುಣ ಎಂದರೆ ಇನ್ನೊಬ್ಬರ ನೆನಪಾಗುವ ಹಾಗಿರಲಿಲ್ಲ. (ಬೀದಿ ಅವರಿಗೆ ಇಟ್ಟ ಹೆಸರು ‘ಕಾಲು ಚಮಚ’. ಅವರ ಮನೆಯ ಚಹಾದಲ್ಲಿ ನೆಂಟರಿಗೆ ಸಿಗುವ ಸಕ್ಕರೆ ಅಷ್ಟೇ.)

ಹೆಂಡತಿ ನಾಟಕದವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು, ಒಳಗುಟ್ಟೆಲ್ಲ ಬಲ್ಲವಳು. ಆ ಜಿಪುಣ ಯಾರು ಎಂದು ಕೇಳಿದಾಗಲೆಲ್ಲ ಅವಳ ಬಾಯಲ್ಲಿ ಗುಂಡುಸೂಜಿಗಳಿರುತ್ತಿದ್ದವು. ಬಿಟ್ಟಿ ಪಾಸು ಕೊಡಿಸು ಎಂದಾಗ ಮಾತ್ರ ಸೂಜಿ ತೆಗೆದಳು.

“ಬಿಟ್ಟಿ ಪಾಸಲ್ಲಿ ಹೋಗಿ ಜಗಳ ಆಡಿದ್ರೆ ಯಾರ್ರೀ ಬೆಲೆ ಕೊಡ್ತಾರೆ?”

ಮಾತು ನಿಜ ಅನ್ನಿಸಿತು. ಹೊಟ್ಟೆ ಉರಿದರೂ ತಮಗೊಂದು, ಹೆಂಡತಿಗೊಂದು ಎಂದು ಎರಡು ಟಿಕೆಟ್ ಕೊಂಡರು. ತಮ್ಮ ಪಾತ್ರ ಬಂದ ಕ್ಷಣ ಎದ್ದು, ಕೊಡೆಯಿಂದ ನೆಲ ಕುಟ್ಟಿ, ನಾಲ್ಕು ಮಾತು ಝಾಡಿಸಿ ಹೊರನಡೆಯುವುದೆಂದು ತೀರ್ಮಾನವಾಗಿತ್ತು. ಆ ನಾಲ್ಕು ಮಾತನ್ನು ಮೂರು ದಿನದಿಂದ ಬಾಯಿಪಾಠ ಮಾಡಿದ್ದರು.

ತೆರೆ ಎದ್ದಿತು. ಬಾಡಿಗೆದಾರ ಕೆಮ್ಮಿದರೂ ಬಾಡಿಗೆ ಏರಿಸುವ ಮನೆ ಮಾಲೀಕನ ಮೇಲೆ ಮೊದಲ ಹಾಡು. ಊರಿನ ಅಸಲಿ ಮಾಲೀಕರು ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟಿದರು. ಆಮೇಲೆ ಒಂದು ಹಲ್ಲು ಕಿತ್ತು, ಬಿಲ್ಲು ತೋರಿಸಿ ಇನ್ನೆರಡು ಉದುರಿಸುವ ಡಾಕ್ಟರು. ಅಸಲಿ ಡಾಕ್ಟರು ಎದ್ದು ಸಭೆಗೆ ಕೈಮುಗಿದರು. ಮಾನ ಹೋಗುತ್ತಿದ್ದರೂ ಇವರೆಲ್ಲ ಬೀಗುವುದೇಕೆ ಎಂದು ಗಡಿಯಾರದವರಿಗೆ ತಿಳಿಯಲಿಲ್ಲ.

ಕೊನೆಗೆ ಜಿಪುಣ ಬಂದ. ಅವರು ಕೊಡೆ ಬಿಗಿ ಹಿಡಿದರು. ನೋಡಿದರೆ ಅವನು ಜವಳಿ ಅಂಗಡಿಯವನು! ಸವೆದ ಸೋಪನ್ನು ಹೊಸ ಸೋಪಿಗೆ ಅಂಟಿಸುತ್ತಾನಂತೆ. ಅದನ್ನು ಯಾರು ಮಾಡುವುದಿಲ್ಲ? ಮಲಗಿದವರಿಗೆ ಟೈಮು ಯಾಕೆ ಎಂದು ರಾತ್ರಿ ಗೋಡೆ ಗಡಿಯಾರದ ಸೆಲ್ ತೆಗೆದಿಟ್ಟು, ಬೆಳಿಗ್ಗೆ ಹಾಕುವ ತಮ್ಮ ಮುಂದೆ ಅವನದು ಇನ್ನೂ ಒಂದನೇ ಕ್ಲಾಸು. ನಾಟಕ ಮುಗಿಯಿತು, ನಾಲ್ಕು ಮಾತು ಬಾಯಲ್ಲೇ ಉಳಿಯಿತು. ಮೂವತ್ತು ವರ್ಷದ ಸಾಧನೆಗೆ ಒಂದು ಹಾಡೂ ಇಲ್ಲವೆಂದು ಅವರಿಗೆ ನಿಜಕ್ಕೂ ದುಃಖವಾಯಿತು.

ವೇಷ ಕಳಚುವ ಕೋಣೆಗೆ ನುಗ್ಗಿ ಭಾಮೈದನನ್ನು ಹಿಡಿದರು.

“ನಾನೆಲ್ಲಯ್ಯಾ?”

“ರಸೀದಿ ಪುಸ್ತಕ ಹಿಡ್ಕೊಂಡು ಅಂಗಡಿಗೆ ಬಂದಿದ್ದೆನಲ್ಲ ಭಾವ. ಎದುರಿಗೇ ಕೂತ್ಕೊಂಡು ‘ಅಂಗಡಿ ಮುಚ್ಚಿದೆ’ ಅಂದ್ರಿ.”

ವಿಷಯ ಇಷ್ಟು: ನಾಟಕದವರ ಜೇಬಿಗೂ ತೂತೇ. ಹಾಲ್ ಬಾಡಿಗೆ ಹುಟ್ಟಿಸಲು ಅವರು ಗೇಲಿಯನ್ನೇ ಮಾರಿದ್ದರು. ತಮ್ಮ ಮೇಲೆ ಪೂರ್ತಿ ಹಾಡು ಬೇಕೆಂದವರಿಗೆ ಐನೂರು, ಒಂದು ಸಾಲಿಗೆ ನೂರು. ಜಿಪುಣನ ಬಿರುದು ಜವಳಿಯವನ ಪಾಲಾಗಿದ್ದು ಹೀಗೆ. ಗಡಿಯಾರದವರು ಗೋಡೆಗೆ ಒರಗಿ ಬಹಳ ಹೊತ್ತು ಲೆಕ್ಕ ಹಾಕಿದರು.

“ಅರ್ಧ ಸಾಲು ಕೊಡ್ತೀಯಾ?” ಎಂದರು.

ಐವತ್ತರಿಂದ ಶುರುವಾದ ಚೌಕಾಸಿ ನಲವತ್ತಕ್ಕೆ ನಿಂತಿತು. ಹೆಂಡತಿ ಅಲ್ಲೇ ಮೂಲೆಯಲ್ಲಿ ಕೂತು ವೇಷದ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

ಮರುದಿನದ ಆಟಕ್ಕೆ ಮತ್ತೆ ಎರಡು ಟಿಕೆಟ್. ಜವಳಿಯವನ ಹಾಡು ಮುಗಿಯುತ್ತಲೇ ಭಾಮೈದ ಮುಂದೆ ಬಂದು ರಾಗ ಎಳೆದ: “ರಾತ್ರಿ ಗಡಿಯಾರ ನಿಲ್ಸೋರು ಯಾರು...” ಕೊಟ್ಟ ದುಡ್ಡಿಗೆ ಅಷ್ಟೇ ಎಂಬಂತೆ ಅಲ್ಲಿಗೇ ನಿಂತ. ಕೂಡಲೇ ಮುಂದಿನ ಸಾಲಿನಿಂದ ಬಾಗಿಲಿನವರೆಗೆ ಕೂತಿದ್ದವರೆಲ್ಲ ಒಂದೇ ಬಾಯಲ್ಲಿ, “ಕಾಲು ಚಮಚ!” ಎಂದರು.

ಉಳಿದರ್ಧ ಸಾಲು ಬಿಟ್ಟಿಯಾಗಿ ಸಿಕ್ಕಿತ್ತು! ಅವರು ಎದ್ದು ಡಾಕ್ಟರಿಗಿಂತ ಚೆನ್ನಾಗಿ ಕೈಮುಗಿದರು. ಜನ ‘ವನ್ಸ್ ಮೋರ್’ ಎಂದರು, ಭಾಮೈದ ಮತ್ತೆ ಹಾಡಿದ. ಇನ್ನೊಂದು ‘ವನ್ಸ್ ಮೋರ್’ ಬಂತು, ಮತ್ತೂ ಹಾಡಿದ.

ಆಟ ಮುಗಿದ ಮೇಲೆ ಅವನು ರಸೀದಿ ಪುಸ್ತಕದೊಂದಿಗೆ ಬಂದ.

“ಮೂರು ಸಲ ಹಾಡಿದ್ವಿ ಭಾವ. ಇನ್ನೂ ಎಂಬತ್ತು ಬರ್ಬೇಕು.”

“ಜನ ಕೇಳಿದ್ರು, ನೀನು ಹಾಡಿದೆ. ನಾನ್ಯಾಕೆ ಕೊಡ್ಲಿ?”

ಅಲ್ಲೇ ವೇಷದ ಬಟ್ಟೆ ಸರಿಪಡಿಸುತ್ತಿದ್ದ ಹೆಂಡತಿ ಬಾಯಿಂದ ಕೊನೆಯ ಗುಂಡುಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು.

“ಎರಡನೇ ಸಲ ‘ವನ್ಸ್ ಮೋರ್’ ಕೂಗಿದ್ದು ನೀವೇ ಅಲ್ವೇನ್ರೀ,” ಎಂದಳು.