ಅಜ್ಜಿ ಕಣ್ಣು ಮುಚ್ಚಿದ ದಿನ

ಸಣ್ಣ ಮಾತಿನಲ್ಲಿ ಮುಗಿಯುವುದನ್ನು ದೊಡ್ಡ ಮಾತಿನಲ್ಲಿ ಹೇಳುವ ಚಟ ಅವನಿಗೆ ಚಿಕ್ಕಂದಿನಿಂದಲೂ ಇತ್ತು. ಅದಕ್ಕೇ ಮನೆಯವರೆಲ್ಲ ಅವನನ್ನು ಪಂಡಿತ ಎಂದು ಕರೆಯುತ್ತಿದ್ದರು. ಹಳೆಯ ಸೇತುವೆಗಳಲ್ಲಿ ಬಿಡುವ ಬಿರುಕುಗಳ ಮೇಲೆ ಸಂಶೋಧನೆ ಮಾಡಲು ಪರದೇಶಕ್ಕೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಅಲ್ಲಿಯ ಭಾಷೆಯನ್ನು ಸಂಜೆ ತರಗತಿಯಲ್ಲಿ ಕಲಿಯುತ್ತಿದ್ದ. ಉಪ್ಪು ಕೊಡಿ ಎನ್ನುವುದಕ್ಕೆ ಇನ್ನೂ ತಡವರಿಸುತ್ತಿದ್ದವನು, ನುಡಿಗಟ್ಟುಗಳ ಪಾಠ ಬಂದಾಗ ಮಾತ್ರ ಎಲೆಯ ಮುಂದೆ ಹಸಿದವನಂತೆ ಕೂತುಬಿಡುತ್ತಿದ್ದ.

ಆ ದಿನ ಬೆಳಿಗ್ಗೆ ಅವನ ಕಣ್ಣುಗಳು ಕೆಂಪಗಿದ್ದವು. ಹಿಂದಿನ ದಿನ ಊರಿನಲ್ಲಿ ಅಜ್ಜಿಗೆ, ಅಂದರೆ ಅಮ್ಮನ ಅಮ್ಮನಿಗೆ, ಕಣ್ಣಿನ ಪೊರೆ ತೆಗೆದಿದ್ದರು. ಅಜ್ಜಿಗೆ ಸಕ್ಕರೆ ಕಾಯಿಲೆ ಬೇರೆ. ಏನಾಗುವುದೋ ಎಂದು ಇವನಿಗೆ ನಿದ್ದೆ ಹತ್ತಿರಲಿಲ್ಲ. ಎದ್ದಾಗ ದೊಡ್ಡಮಾವನ ಸಂದೇಶ ಬಂದಿತ್ತು: ಎಲ್ಲಾ ಸುಸೂತ್ರ, ಪಟ್ಟಿ ಕಟ್ಟಿದ್ದಾರೆ, ಯೋಚನೆ ಬೇಡ. ಆ ನೆಮ್ಮದಿಯಲ್ಲೇ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಮನೆಯೊಡತಿ ಎದುರಾದರು. ನಲ್ಲಿ ಸರಿಯಾಗಿ ನಿಲ್ಲಿಸಿ, ಬಾಗಿಲು ಮೆಲ್ಲಗೆ ಹಾಕಿ ಎಂಬ ಎರಡು ಮಾತು ಬಿಟ್ಟರೆ ಮೂರನೆಯದನ್ನು ಆಕೆ ಅವನೊಂದಿಗೆ ಈವರೆಗೆ ಆಡಿರಲಿಲ್ಲ.

"ಏನಪ್ಪಾ, ಕಣ್ಣೆಲ್ಲ ಕೆಂಪಗಾಗಿದೆ?"

ಪೊರೆ, ಪಟ್ಟಿ ಇವಕ್ಕೆ ಅವನ ಬಳಿ ಪದಗಳಿರಲಿಲ್ಲ. ಇದ್ದದ್ದರಲ್ಲೇ ಗಂಭೀರವಾದ ವಾಕ್ಯವೊಂದನ್ನು ಕಟ್ಟಿದ.

"ನಮ್ಮ ಅಜ್ಜಿ ಕಣ್ಣು ಮುಚ್ಚಿದ್ದಾರೆ. ನೋವೇನೂ ಆಗಲಿಲ್ಲವಂತೆ. ನನಗೀಗ ನೆಮ್ಮದಿ."

ಆ ಮಾತಿಗೆ ಕನ್ನಡದಲ್ಲಿ ಏನರ್ಥವೋ ಆ ಭಾಷೆಯಲ್ಲೂ ಅದೇ ಅರ್ಥ. ಕನ್ನಡದಲ್ಲಿ ಆಡಿದ್ದರೆ ಅಲ್ಲೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಆದರೆ ಕಲಿತ ಭಾಷೆಯಲ್ಲಿ ಮಾತು ಬಾಯಿಂದ ಹೊರಬಿದ್ದ ಮೇಲೂ ಅದು ತನ್ನದು ಎನ್ನಿಸುವುದಿಲ್ಲ. ಮನೆಯೊಡತಿ ಎರಡು ಕೈಯಲ್ಲೂ ಅವನ ಕೈ ಹಿಡಿದುಕೊಂಡರು. ಈ ಹೆಂಗಸಿಗೂ ಕಣ್ಣಿನ ತೊಂದರೆ ಇರಬೇಕು ಪಾಪ ಎಂದುಕೊಂಡು ಪಂಡಿತ ಬಸ್ಸು ಹಿಡಿದ.

ಅಂದು ವಿಭಾಗದಲ್ಲಿ ಅವನ ಸೆಮಿನಾರ್. ತಯಾರಿ ಅರ್ಧವೂ ಆಗಿರಲಿಲ್ಲ. ಹೆದರಿಕೆಯಲ್ಲಿ ಫೋನಿನ ಬಾಯಿ ಮುಚ್ಚಿಸಿ ಚೀಲದ ತಳಕ್ಕೆ ಹಾಕಿದ. ಅವನ ಮಾರ್ಗದರ್ಶಕರಾದ ಪ್ರೊಫೆಸರು ನಗು ಎಂಬುದನ್ನು ರಜಾದಿನಕ್ಕೆ ಎತ್ತಿಟ್ಟ ಮನುಷ್ಯ. ಅಂಥವರು ಬಾಗಿಲಲ್ಲೇ ಕಾದು ನಿಂತಿದ್ದರು. ಹೆಗಲ ಮೇಲೆ ಕೈ ಹಾಕಿ ತಮ್ಮ ಕೋಣೆಗೆ ಕರೆದೊಯ್ದರು.

"ಗುಮಾಸ್ತೆ ಎಲ್ಲಾ ಹೇಳಿದರು. ಇವತ್ತು ನೀವು ಮಾತಾಡೋದು ಬೇಡ."

ವಿಭಾಗದ ಗುಮಾಸ್ತೆ ಅವನಿರುವ ಕಟ್ಟಡದಲ್ಲೇ ಕೆಳಗಿನ ಮನೆಯಾಕೆ. ಸುದ್ದಿ ಅವನ ಬಸ್ಸಿಗಿಂತ ಮುಂಚೆ ತಲುಪಿತ್ತು.

"ಏನು ಹೇಳಿದ್ರು ಸರ್?"

"ನಿಮ್ಮಜ್ಜಿ ತೀರಿಕೊಂಡ ವಿಷಯ."

ಪಂಡಿತನಿಗೆ ಬೆಳಗಿನ ವಾಕ್ಯ ಆಗ ಕನ್ನಡದಲ್ಲಿ ಕೇಳಿಸಿತು. "ಇಲ್ಲ ಸರ್! ನಮ್ಮಜ್ಜಿ ಬದುಕಿದ್ದಾರೆ!" ಎಂದ.

ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದು. ಬದುಕಿರ್ತಾರೆ. ನಮ್ಮಮ್ಮನೂ ಹಾಗೇ, ಇಲ್ಲೇ ಇದ್ದಾಳೆ," ಎಂದು ಎದೆ ಮುಟ್ಟಿ ತೋರಿಸಿದರು.

"ಹಾಗಲ್ಲ ಸರ್, ಆಸ್ಪತ್ರೆಯಲ್ಲಿದ್ದಾರೆ."

"ಇನ್ನೂ ಮನೆಗೆ ತಂದಿಲ್ವಾ? ಅಯ್ಯೋ. ಹೋಗಿ, ಮಲಗಿ. ಸೆಮಿನಾರ್ ಮುಂದಿನ ತಿಂಗಳು ನೋಡೋಣ."

ಮುಂದಿನ ತಿಂಗಳು ಎಂಬ ಮಾತು ಕಿವಿಗೆ ಬಿದ್ದದ್ದೇ ಪಂಡಿತನ ಬಾಯಿ ಅರ್ಧಕ್ಕೆ ನಿಂತಿತು. ಮೂರನೆಯ ಸಲ ಹೇಳಬಹುದಿತ್ತು. ಹೇಳಲಿಲ್ಲ. ಥೂ, ಸೆಮಿನಾರಿಗೋಸ್ಕರ ಅಜ್ಜಿಯನ್ನು ಕೊಂದೆನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಹೊರಗೆ ಬಂದ. ಬಸ್ಸು ಹತ್ತಲು ಮನಸ್ಸಾಗದೆ ಹೊಳೆಯ ದಂಡೆಯಲ್ಲಿ ಅಲೆದು, ಹೊತ್ತು ಇಳಿದ ಮೇಲೆ ಕಟ್ಟಡಕ್ಕೆ ಮರಳಿದ.

ಒಳಗೆ ಕಾಲಿಟ್ಟರೆ ಮನೆಯೊಡತಿಯ ನಡುಮನೆಯ ಬಾಗಿಲು ಪೂರಾ ತೆರೆದಿತ್ತು. ಅದು ತೆರೆದದ್ದನ್ನು ಅವನು ಇದುವರೆಗೆ ಕಂಡಿರಲಿಲ್ಲ. ಮೇಜಿನ ಮೇಲೆ ದೊಡ್ಡ ಪಾತ್ರೆಯಲ್ಲಿ ಬಿಸಿ ಸೂಪು, ಪಕ್ಕದಲ್ಲಿ ಬಿಳಿಯ ಹೂಗಳು. ಕಛೇರಿ ಮುಗಿಸಿ ಬಂದ ಗುಮಾಸ್ತೆ ಒಂದು ಕಡೆ, ಮೂಲೆಮನೆಯ ಮುದುಕ ದರ್ಜಿ ಇನ್ನೊಂದು ಕಡೆ ಕೂತಿದ್ದರು. ನಡುವಿನ ಕುರ್ಚಿ ಅವನಿಗಾಗಿ ಖಾಲಿ ಇತ್ತು.

"ಕೂತ್ಕೋ," ಎಂದರು ಮನೆಯೊಡತಿ. "ಒಬ್ಬನೇ ಕೋಣೆಯಲ್ಲಿ ಕೂತು ಅಳೋದಕ್ಕೆ ನಾನು ಬಿಡಲ್ಲ. ನಮ್ಮೆಜಮಾನ್ರು ಹೋದಾಗ ನಾನು ಹಾಗೇ ಕೂತಿದ್ದೆ. ಯಾರೂ ಬಂದು ಬಾಗಿಲು ತಟ್ಟಲಿಲ್ಲ."

ಇಂಥ ಮಾತಿನ ಮುಂದೆ ನಮ್ಮಜ್ಜಿ ಗಟ್ಟಿಮುಟ್ಟಾಗಿದ್ದಾರೆ ಎಂದು ಹೇಗೆ ಹೇಳುವುದು? ಪಂಡಿತ ಕೂತ. ದರ್ಜಿ ತನ್ನ ತಮ್ಮ ಹೋದದ್ದನ್ನು ಹೇಳಿದ. ಆಮೇಲೆ ಎಲ್ಲರೂ ಇವನ ಮುಖ ನೋಡಿದರು.

"ಅಜ್ಜಿ ಬಗ್ಗೆ ಹೇಳು. ಹೇಳಿದ್ರೆ ಹಗುರ ಆಗತ್ತೆ."

ಪಂಡಿತ ಗಂಟಲು ಸರಿಮಾಡಿಕೊಂಡ. "ನಮ್ಮಜ್ಜಿ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಏಳುತ್ತಾರೆ."

"ಏಳುತ್ತಿದ್ದರು," ಎಂದು ಗುಮಾಸ್ತೆ ಮೃದುವಾಗಿ ತಿದ್ದಿದಳು. ಸಂಜೆ ತರಗತಿಯವನ ವ್ಯಾಕರಣಕ್ಕೆ ನೆರವಾಗುವುದು ತನ್ನ ಕರ್ತವ್ಯವೆಂದು ಆಕೆ ಬಗೆದಿದ್ದಳು.

"ಎದ್ದು ರೇಡಿಯೋ ಜೊತೆ ಜಗಳ ಆಡುತ್ತಾರೆ."

"ಆಡುತ್ತಿದ್ದರು."

"ನನಗೆ ಹುಷಾರು ತಪ್ಪಿದ್ರೆ ಕಾಲ ಹತ್ತಿರ ಕೂತ್ಕೊಂಡು ಪಾದ ಒತ್ತುತ್ತಾರೆ."

"ಒತ್ತುತ್ತಿದ್ದರು."

ಆ ಮೂರನೆಯ 'ದ್ದರು' ಬಂದು ಅವನ ಎದೆಗೆ ನಾಟಿತು. ಇಂದಲ್ಲ ನಾಳೆ ಈ ವಾಕ್ಯವನ್ನು ಹೀಗೆಯೇ ಹೇಳಬೇಕಾಗುತ್ತದೆ, ಆ ದಿನವೂ ತಾನು ಇಂಥದೇ ಯಾವುದೋ ಕುರ್ಚಿಯಲ್ಲಿ, ಇಷ್ಟೇ ದೂರದಲ್ಲಿ ಕೂತಿರುತ್ತೇನೆ ಎಂದು ಹೊಳೆದದ್ದೇ ತಡ, ಅಳು ಉಕ್ಕಿತು. ಸುಳ್ಳು ಅಳುವಲ್ಲ. ಹೆಗಲು ಅಲುಗುವಂಥ ಅಳು. ಮನೆಯೊಡತಿ ಅವನ ತಲೆ ಸವರುತ್ತ ತಾವೂ ಅತ್ತರು. ದರ್ಜಿ ಜೇಬಿನಿಂದ ಕರವಸ್ತ್ರ ತೆಗೆದು ಇವನಿಗೆ ಕೊಡಲು ಬಂದವನು ತಾನೇ ಮೂಗೊರೆಸಿಕೊಂಡ.

ಅಷ್ಟರಲ್ಲಿ ಸೀನಿಯರ್ ಏದುಸಿರು ಬಿಡುತ್ತ ಬಂದ. ಇವನಿಗಿಂತ ಎರಡು ವರ್ಷ ಮೊದಲೇ ಬಂದು ಅದೇ ವಿಭಾಗದಲ್ಲಿದ್ದ ಕನ್ನಡದವನು. ಯಾರ ಕಷ್ಟವಾದರೂ ಸರಿ, ಕರೆಯದೆ ಹೆಗಲು ಕೊಡುವ ಸ್ವಭಾವ.

"ಧೈರ್ಯ ತಗೋ ಮಾರಾಯ," ಎಂದು ಕನ್ನಡದಲ್ಲಿ ಶುರುಮಾಡಿದ. "ಊರಿನ ಕಡೆ ನಾನು ನೋಡ್ಕೊಂಡೆ. ಬೆಳಿಗ್ಗೆನೇ ನಿಮ್ಮಮ್ಮನಿಗೆ ಫೋನ್ ಮಾಡಿ ಸಮಾಧಾನ ಹೇಳಿದೆ."

ಪಂಡಿತನ ಅಳು ಗಕ್ಕನೆ ನಿಂತಿತು. "ಏನಂತ?"

"ಅಜ್ಜಿ ಹೋದ್ರಂತೆ, ಧೈರ್ಯವಾಗಿರಿ ಅಂತ. ಪಾಪ, ಅವರಿಗೆ ಯಾರೂ ತಿಳಿಸೇ ಇರಲಿಲ್ಲ ಕಣೋ. ಫೋನಲ್ಲೇ ಕಿರುಚಿಬಿಟ್ರು."

ಪಂಡಿತ ಚೀಲ ಬೋರಲು ಹಾಕಿದ. ಫೋನಿನ ತುಂಬ ಅಮ್ಮನ ಕರೆಗಳು, ದೊಡ್ಡಮ್ಮನ ಕರೆಗಳು, ಮನೆಯವರ ಮೇಲೆ ಮುನಿದು ಇವನ ಮದುವೆಗೂ ಬರುತ್ತಾರೋ ಇಲ್ಲವೋ ಎಂಬಂತಿದ್ದ ಚಿಕ್ಕಮಾವನ ಕರೆಗಳು. ಬೆರಳು ಯಾವುದನ್ನು ಒತ್ತಬೇಕು ಎಂದು ಹುಡುಕುತ್ತಿರುವಾಗಲೇ ಫೋನ್ ಬೆಳಗಿತು. ದೊಡ್ಡಮಾವನ ವಿಡಿಯೋ ಕರೆ. ಎತ್ತಿದರೆ ತೆರೆಯ ತುಂಬ ಅಜ್ಜಿ. ಒಂದು ಕಣ್ಣಿಗೆ ಬಿಳಿ ಪಟ್ಟಿ, ಇನ್ನೊಂದು ಕಣ್ಣು ಇವನನ್ನು ಇರಿಯುವಂತೆ ನೋಡುತ್ತಿತ್ತು.

"ಇವರು ಯಾರು?" ಎಂದರು ಮನೆಯೊಡತಿ.

"ನಮ್ಮ ಅಜ್ಜಿ."

"ಹೋದವರು?"

"ಹೋಗಿಲ್ಲ," ಎಂದು ಪಂಡಿತ ತನ್ನ ಕಣ್ಣಿನ ಮೇಲೆ ಅಂಗೈ ಇಟ್ಟು ತೋರಿಸಿದ. "ಕಣ್ಣು... ಇಷ್ಟೇ ಮುಚ್ಚಿದ್ದಾರೆ."

ಮನೆಯೊಡತಿ ಅವನ ತಲೆಯ ಮೇಲಿದ್ದ ಕೈಯನ್ನು ಬಿಸಿ ಬಾಣಲೆ ಮುಟ್ಟಿದವರಂತೆ ಹಿಂದೆಳೆದುಕೊಂಡರು. ಗುಮಾಸ್ತೆ ತನ್ನ ಫೋನ್ ಹಿಡಿದು ಬಾಗಿಲಾಚೆ ಹೋದಳು.

"ಯಾರೋ ಅವರೆಲ್ಲ?" ಅಜ್ಜಿ ಕೇಳಿದರು.

"ಇಲ್ಲಿಯವರು ಅಜ್ಜಿ. ನಿನ್ನ ದುಃಖಕ್ಕೆ ಬಂದವರು."

"ಅವರೂ ಬಂದರಾ!" ಅಜ್ಜಿ ಫೋನನ್ನು ಸುತ್ತಲೂ ತಿರುಗಿಸಿದರು. ಆಸ್ಪತ್ರೆಯ ಹಾಸಿಗೆಯ ಸುತ್ತ ಅತ್ತು ಮುಖ ಊದಿದ ಅಮ್ಮ, ದೊಡ್ಡಮ್ಮ, ಅವರ ಮಕ್ಕಳು. ಮನೆಪಾಲಿನ ಜಗಳವಾದ ಮೇಲೆ ಒಬ್ಬರ ಮುಖ ಒಬ್ಬರು ನೋಡದಿದ್ದ ಇಬ್ಬರು ಮಾವಂದಿರು ಒಂದೇ ಬೆಂಚಿನ ಮೇಲೆ ಕೂತು ಒಂದೇ ಲೋಟದ ಕಾಫಿಯನ್ನು ಹಂಚಿಕೊಂಡು ಕುಡಿಯುತ್ತಿದ್ದರು. "ನೋಡಿದ್ಯಾ? ನಾನು ಸತ್ತೆ ಅಂತ ಕೇಳಿ ಎಲ್ಲಾ ಬಿದ್ದಂಬೀಳ ಓಡಿಬಂದವ್ರೆ. ನಿನ್ನ ಚಿಕ್ಕಮಾವ ಚಪ್ಪಲಿ ಹಾಕದೆ ಬಂದ. ಎಲ್ಲರೂ ಬಂದ್ರು. ನೀನೊಬ್ಬನೇ ಬರಲಿಲ್ಲ."

"ಅಜ್ಜಿ, ನೀನು ಸತ್ತಿರಲಿಲ್ಲವಲ್ಲ! ನನಗೆ ಗೊತ್ತಿತ್ತು."

"ಅವರಿಗೆ ಗೊತ್ತಿರಲಿಲ್ಲ, ಬಂದ್ರು. ನಿಂಗೆ ಗೊತ್ತಿತ್ತು, ಅದಕ್ಕೇ ಬರಲಿಲ್ಲ. ಬದುಕಿದ್ರೆ ಬರಬಾರದು ಅಂತ ಇದೆಯೇನೋ?"

ಪಂಡಿತನಿಗೆ ದೊಡ್ಡ ಮಾತೊಂದೂ ಒದಗಲಿಲ್ಲ. "ಇವತ್ತು ಸೆಮಿನಾರ್ ಇತ್ತಜ್ಜಿ," ಎಂದ.

"ಮಾಡಿದ್ಯಾ?"

"ಇಲ್ಲ."

"ಯಾಕೆ?"

"ನೀನು ಸತ್ತಿದ್ದೆಯಲ್ಲ."

ಅಜ್ಜಿ ಒಂಟಿಗಣ್ಣನ್ನು ತೆರೆಯ ಹತ್ತಿರ ತಂದು ಅವನ ಮುಖವನ್ನು ನೋಡಿದರು. "ಅತ್ತಿದ್ದೀಯ," ಎಂದರು, ದನಿ ತಗ್ಗಿಸಿ. "ಸರಿ ಬಿಡು. ಅಷ್ಟಾದ್ರೂ ಆಯ್ತು."

ಫೋನ್ ಆರಿತು. ಸೀನಿಯರ್ ಎಲ್ಲೂ ಕಾಣಲಿಲ್ಲ. ಮನೆಯೊಡತಿ ಸೂಪಿನ ಪಾತ್ರೆಗೆ ಮುಚ್ಚಳ ಹಾಕಿದರು. ಹೂಗಳನ್ನು ಏನು ಮಾಡುವುದೆಂದು ತಿಳಿಯದೆ ದರ್ಜಿ ಅವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬಾಗಿಲಲ್ಲಿ ಗುಮಾಸ್ತೆ ಕಾಣಿಸಿಕೊಂಡಳು.

"ಪ್ರೊಫೆಸರಿಗೆ ಶುಭ ಸುದ್ದಿ ತಿಳಿಸಿದೆ," ಎಂದಳು. "ಬಹಳ ಸಂತೋಷ ಅಂದ್ರು. ನಾಳೆ ಬೆಳಿಗ್ಗೆ ಮೊದಲ ಸೆಮಿನಾರ್ ನಿಮ್ಮದೇ."